ಹಿತ್ತಲಲ್ಲಿ ಕಡಿಮೆ ಖರ್ಚಿನ ಕೊಳ: ಕಲಬುರಗಿ, ಬೀದರ್, ಯಾದಗಿರಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಮನೆಯ ಹಿತ್ತಲಲ್ಲಿ ಸಣ್ಣ ಕೊಳವೊಂದನ್ನು ಮಾಡಿಕೊಳ್ಳಬೇಕು ಎನ್ನುವವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಲೆಕ್ಕಕ್ಕೆ ಅನುಕೂಲವಾಗಲೆಂದು ಎಲ್ಲ ಕಡೆ ಒಂದೇ ಅಳತೆಯ ಕೊಳವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ: ಮೇಲ್ಭಾಗದಲ್ಲಿ 10 ಅಡಿ ಉದ್ದ, 7 ಅಡಿ ಅಗಲ, 2 ಅಡಿ ಆಳ, ನಾಲ್ಕೂ ಬದಿ ಇಳಿಜಾರು. ಸಾಮಗ್ರಿಯ ದರ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ರೂಪಾಯಿಯ ಲೆಕ್ಕವನ್ನು ಬಿಟ್ಟು ಅಳತೆಯ ಲೆಕ್ಕವನ್ನೇ ಕೊಟ್ಟಿದ್ದೇನೆ. ಅಳತೆ ಕೈಯಲ್ಲಿದ್ದರೆ ಅಂಗಡಿಯಲ್ಲಿ ದರ ಕೇಳುವುದು ಸುಲಭ.

ಕೊಳ ತೋಡುವ ಮೊದಲು ಏನನ್ನು ನೋಡಬೇಕು?

ಮಣ್ಣನ್ನು ನೋಡಬೇಕು. ಹೆಚ್ಚಿನವರು ಮೊದಲು ಅಂಗಡಿಗೆ ಹೋಗಿ, ನೀರು ಇಂಗದಂತೆ ಗುಂಡಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯ ದರ ವಿಚಾರಿಸುತ್ತಾರೆ. ಆದರೆ ಯಾವ ಹಾಳೆ, ಅದರ ಕೆಳಗೆ ಎಷ್ಟು ಕೆಲಸ, ಸಿಮೆಂಟು ನಡೆಯುತ್ತದೆಯೋ ಇಲ್ಲವೋ ಎಂಬುದೆಲ್ಲವೂ ನಿಮ್ಮ ಹಿತ್ತಲಿನ ಮಣ್ಣಿನಿಂದಲೇ ತೀರ್ಮಾನವಾಗುತ್ತದೆ.

ಕಲಬುರಗಿ ಜಿಲ್ಲೆಯ ಬಹುಭಾಗ ಎರೆ ಭೂಮಿ. ಈ ಕಪ್ಪು ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಇಳಿಯುವಷ್ಟು ಅಗಲವಾಗಿ ಬಿರುಕು ಬಿಡುತ್ತದೆ. ವರ್ಷಕ್ಕೊಮ್ಮೆಯಾದರೂ ನೆಲವೇ ಅಲುಗಾಡುತ್ತದೆ ಎಂದು ತಿಳಿದುಕೊಂಡು ಇಲ್ಲಿ ಕೆಲಸ ಮಾಡಬೇಕು. ಬೀದರ್ ನಗರ ಮತ್ತು ಅದರ ಸುತ್ತಲಿನ ಎತ್ತರದ ಬಯಲು ಜಂಬಿಟ್ಟಿಗೆಯದು. ಆ ಕೆಂಪು ಕಲ್ಲು ರಂಧ್ರಮಯವಾಗಿದ್ದು, ಮೇಲೆ ಬಿದ್ದ ನೀರನ್ನು ಒಳಗಿಳಿಸಿ, ಕೆಳಗಿನ ಕಪ್ಪು ಕಲ್ಲಿನ ಪದರ ಸಿಗುವವರೆಗೂ ಹರಿಯಲು ಬಿಡುತ್ತದೆ. ಬಹಮನಿ ಕಾಲದವರು ನೌಬಾದ್‌ನ ಸುರಂಗ ಬಾವಿಯನ್ನು, ಅಂದರೆ ಕರೇಜನ್ನು, ನೆಲದೊಳಗೆ ಹೀಗೆ ಇಳಿದು ಹರಿಯುವ ನೀರನ್ನು ಹಿಡಿಯುವುದಕ್ಕಾಗಿಯೇ ತೋಡಿದರು. ಸುರಂಗಕ್ಕೆ ವರವಾದ ಆ ಗುಣ ಹಿತ್ತಲಿನ ಕೊಳಕ್ಕೆ ತೊಡಕು. ಹಾಳೆ ಇಲ್ಲದೆ ಅಲ್ಲಿ ನೀರು ನಿಲ್ಲದು. ಯಾದಗಿರಿಯಲ್ಲಿ ಎರಡು ಬಗೆಯ ನೆಲವಿದೆ: ನದಿಗಳ ಬಳಿ ಎರೆ, ಗುಡ್ಡಗಳ ಬಳಿ ಉಸುಕು ಬೆರೆತ ಮಸಾರಿ. ಮಸಾರಿ ನೆಲದಲ್ಲಿ ಒಂದೂವರೆ ಅಡಿ ಇಳಿಯುವಷ್ಟರಲ್ಲಿ ಕಲ್ಲು ತಗಲುವುದು ಸಾಮಾನ್ಯ.

ಎರಡಡಿ ಆಳದ ಪರೀಕ್ಷಾ ಗುಂಡಿಯೊಂದನ್ನು ತೋಡಿ ನೀರು ತುಂಬಿ ಮರುದಿನ ನೋಡಿದರೆ ಇದೆಲ್ಲ ಖರ್ಚಿಲ್ಲದೆ ತಿಳಿಯುತ್ತದೆ.

ನಮ್ಮದು ಗಟ್ಟಿ ಎರೆ ಮಣ್ಣು. ಹಾಳೆ ಹಾಸದೆ ನೀರು ನಿಲ್ಲುವುದಿಲ್ಲವೇ?

ಮಳೆಗಾಲದಲ್ಲಿ ನಿಲ್ಲುತ್ತದೆ, ಬೇಸಿಗೆಯಲ್ಲಿ ನಿಲ್ಲುವುದಿಲ್ಲ. ಒದ್ದೆಯಾದ ಎರೆ ಮಣ್ಣು ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುವುದರಿಂದ ನೀರು ಇಂಗುವುದು ಬಹಳ ನಿಧಾನ. ಆದರೆ ಫೆಬ್ರುವರಿಯ ನಂತರ ನೀರಿನ ಮಟ್ಟ ಇಳಿದಂತೆ ಅಂಚಿನ ಮಣ್ಣು ಒಣಗಿ ಸೀಳುತ್ತದೆ. ಮತ್ತೆ ನೀರು ತುಂಬಿದಾಗ ಆ ಸೀಳುಗಳೇ ಕಾಲುವೆಗಳಾಗುತ್ತವೆ. ವರ್ಷದ ಹನ್ನೆರಡು ತಿಂಗಳೂ ಮಟ್ಟವನ್ನು ಕಾಯ್ದುಕೊಳ್ಳುವಷ್ಟು ನೀರು ನಿಮ್ಮಲ್ಲಿದ್ದರೆ ಮಾತ್ರ ಬರಿಯ ಮಣ್ಣಿನ ಕೊಳ ಉಳಿದೀತು. ನಮ್ಮ ಭಾಗದಲ್ಲಿ ಅಷ್ಟು ನೀರು ಇರುವ ಮನೆ ಅಪರೂಪ.

ಹಿತ್ತಲಿನಲ್ಲಿ ಯಾವ ಜಾಗ ಸರಿ?

ಎರೆ ಮಣ್ಣಿನಲ್ಲಿ ಮನೆಯ ಗೋಡೆಯಿಂದಲೂ ಕಾಂಪೌಂಡ್ ಗೋಡೆಯಿಂದಲೂ ಕನಿಷ್ಠ 10 ಅಡಿ ದೂರವಿರಲಿ. ಕೊಳ ಸೋರಿದರೆ ಅಡಿಪಾಯದ ಒಂದು ಬದಿಯ ಮಣ್ಣು ಮಾತ್ರ ಉಬ್ಬಿ ಗೋಡೆ ಸೀಳುತ್ತದೆ, ಆಗ ಕೊಳದಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚು ಗೌಂಡಿಗೆ ಕೊಡಬೇಕಾಗುತ್ತದೆ. ಶೌಚದ ಗುಂಡಿಯಿಂದಲೂ ದೂರವಿರಬೇಕು. ಬೇವು, ಆಲ, ಅರಳಿ ಮರಗಳ ಬುಡದಲ್ಲಿ ಬೇಡ. ಬೇರು ಹಾಳೆಯನ್ನು ಒತ್ತುತ್ತದೆ, ಬೇಸಿಗೆಯ ಮೊದಲಲ್ಲಿ ಉದುರುವ ಎಲೆ ನೀರಿನಲ್ಲಿ ಕೊಳೆತು ನಾರುತ್ತದೆ. ಆದರೂ ಮಧ್ಯಾಹ್ನ ಎರಡರ ನಂತರ ಯಾವುದಾದರೂ ಗೋಡೆಯ ಅಥವಾ ದೂರದ ಮರದ ನೆರಳು ಬೀಳುವ ಜಾಗ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರುಗಳಲ್ಲಿ ಸಂಜೆಯ ನೆರಳಿಗೆ ಬೆಲೆ ಕಟ್ಟಲಾಗದು.

ಯಾವಾಗ ಅಗೆಯಬೇಕು, ಹೇಗೆ ಅಗೆಯಬೇಕು?

ಏಪ್ರಿಲ್‌ನಲ್ಲಿ ಎರೆ ನೆಲ ಕಲ್ಲಿನಂತಿರುತ್ತದೆ. ಆಗಸ್ಟ್‌ನಲ್ಲಿ ಸಲಿಕೆಗೆ ಅಂಟಿಕೊಂಡು ಬಿಡುವುದಿಲ್ಲ. ಹಿಂಗಾರು ಮುಗಿದು ನೆಲ ಒಳಗೆ ಹಸಿಯಾಗಿ ಮೇಲೆ ಒಣಗಿರುವ ನವೆಂಬರ್, ಡಿಸೆಂಬರ್ ಅಗೆತಕ್ಕೆ ಅತ್ಯುತ್ತಮ. ಆದರೆ ಆಗ ತುಂಬಲು ಮಳೆಯಿಲ್ಲ. ಆದ್ದರಿಂದ ಚಳಿಗಾಲದಲ್ಲಿ ಅಗೆದು, ಗುಂಡಿಯನ್ನು ಹಾಗೆಯೇ ಬಿಟ್ಟು, ಮೇ ಕೊನೆಯಲ್ಲಿ ಒಂದೆರಡು ಅಡ್ಡ ಮಳೆ ಬಿದ್ದ ಮೇಲೆ ಬದಿಗಳನ್ನು ತಿದ್ದಿ, ಮಿರಗದ ಮಳೆಗೆ ಮುಂಚೆ ಹಾಳೆ ಹಾಸುವ ಕ್ರಮವನ್ನು ನಾನು ಒತ್ತಿ ಹೇಳುತ್ತೇನೆ. ಬೇಸಿಗೆಯಿಡೀ ತೆರೆದಿರುವ ಗುಂಡಿಗೆ ಮಕ್ಕಳು, ದನಕರುಗಳು ಬೀಳದಂತೆ ಮುಳ್ಳಿನ ಬೇಲಿ ಹಾಕಿರಬೇಕು.

ಬದಿಗಳನ್ನು ನೇರವಾಗಿ ಕಡಿಯಬೇಡಿ. ಎರೆ ಮಣ್ಣಿನ ನೇರ ಗೋಡೆ ಮೊದಲ ಮಳೆಗೇ ಕುಸಿಯುತ್ತದೆ. ಒಂದಡಿ ಆಳಕ್ಕೆ ಒಂದಡಿ ಒಳಸರಿಯುವ ಇಳಿಜಾರು ಕನಿಷ್ಠ. ಆಗ ನಮ್ಮ ಉದಾಹರಣೆಯ ಕೊಳದ ತಳ 6 ಅಡಿ ಉದ್ದ, 3 ಅಡಿ ಅಗಲ ಉಳಿಯುತ್ತದೆ, ಅದರಲ್ಲಿ ಸುಮಾರು 2,300 ಲೀಟರ್ ನೀರು ಹಿಡಿಯುತ್ತದೆ. ಎರಡಡಿಗಿಂತ ಕಡಿಮೆ ಆಳ ಮಾಡಿದರೆ ಬೇಸಿಗೆಯ ಮಧ್ಯಾಹ್ನ ನೀರು ತಳದವರೆಗೂ ಕಾಯುತ್ತದೆ.

ಅಂಚು ಸುತ್ತಲೂ ಒಂದೇ ಮಟ್ಟದಲ್ಲಿರಬೇಕು. ಗೌಂಡಿಗಳು ಬಳಸುವ ಪಾರದರ್ಶಕ ನೀರಿನ ಕೊಳವೆ ಸಾಕು. ಅದರಿಂದ ನಾಲ್ಕೂ ಮೂಲೆಗೆ ಗುರುತು ಹಾಕಿಕೊಳ್ಳಿ. ಎರಡಂಗುಲ ತಗ್ಗಿದ ಮೂಲೆಯಿಂದ ಎರಡಂಗುಲ ನೀರು ಸದಾ ಹೊರಗೆ ಹೋಗುತ್ತಿರುತ್ತದೆ.

ಯಾವ ಹಾಳೆ ಕೊಳ್ಳಬೇಕು?

ಕೃಷಿಹೊಂಡಗಳಿಗೆ ಹಾಸುವ ಎಚ್‌ಡಿಪಿಇ (ಒಂದು ಗಟ್ಟಿ ಬಗೆಯ ಪ್ಲಾಸ್ಟಿಕ್) ಹಾಳೆಯನ್ನೇ ಕೊಳ್ಳಿ, ದಪ್ಪ 500 ಮೈಕ್ರಾನ್ ಇರಲಿ. 2014ರಲ್ಲಿ ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಂಡಕ್ಕೆ ಹಾಳೆ ಹಾಸುವ ಪದ್ಧತಿ ನಮ್ಮ ಒಣಭೂಮಿಯ ರೈತರಿಗೆ ಪರಿಚಿತವಾಯಿತು. ಹಾಗಾಗಿ ಇಂಥ ಹಾಳೆ ಕೃಷಿ ಸಾಮಗ್ರಿಯ ಅಂಗಡಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ನೆಯ್ದ ಪಟ್ಟಿಗಳ ಮೇಲೆ ಲೇಪ ಕೊಟ್ಟ ಹಾಳೆಗೆ ಭಾರತೀಯ ಮಾನಕ ಐಎಸ್ 15351 ಇದೆ. ಸುರುಳಿಯ ಮೇಲೆ ಆ ಸಂಖ್ಯೆ ಮುದ್ರಿತವಾಗಿದೆಯೇ ನೋಡಿ. ದೊಡ್ಡ ಹೊಂಡ ಮಾಡಿದ ರೈತರ ಬಳಿ ಹೊಸ ಹಾಳೆಯ ಉಳಿಕೆ ತುಂಡು ಇರುವುದುಂಟು. ನಿಮ್ಮ ಅಳತೆಯ ಒಂದೇ ತುಂಡು ಸಿಕ್ಕರೆ ಅದಕ್ಕಿಂತ ಅಗ್ಗದ್ದು ಬೇರೆಯಿಲ್ಲ. ಎರಡು ತುಂಡು ಜೋಡಿಸುವ ಯೋಚನೆ ಬೇಡ. ಎಚ್‌ಡಿಪಿಇಗೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ, ಬಿಸಿ ಬೆಸುಗೆಯೇ ಬೇಕು.

ಎಷ್ಟು ದೊಡ್ಡ ಹಾಳೆ ಬೇಕು?

ಉದ್ದಕ್ಕೆ ಎರಡು ಪಟ್ಟು ಆಳ ಮತ್ತು ಎರಡು ಅಂಚುಗಳ ಹಾಸು ಸೇರಿಸಿ, ಅಗಲಕ್ಕೂ ಹಾಗೆಯೇ. ಅಂಚಿಗೆ ಒಂದೊಂದು ಅಡಿ ಹಿಡಿದರೆ ನಮ್ಮ ಕೊಳಕ್ಕೆ 10 + 4 + 2 = 16 ಅಡಿ ಉದ್ದ, 7 + 4 + 2 = 13 ಅಡಿ ಅಗಲ, ಒಟ್ಟು 208 ಚದರ ಅಡಿ. ಈ ಸೂತ್ರ ನೇರ ಗೋಡೆಯ ಗುಂಡಿಯದು. ಇಳಿಜಾರು ಇದ್ದಾಗ ಪ್ರತಿ ಬದಿಗೆ ಸುಮಾರು ಒಂದಡಿ ಹೆಚ್ಚು ಉಳಿಯುತ್ತದೆ. ಆ ಒಂದಡಿಯನ್ನು ಕತ್ತರಿಸಬೇಡಿ. ಹಾಳೆಯನ್ನು ಹೂತು ಹಿಡಿಸುವ ಅಂಚಿನ ಕಾಲುವೆಗೆ ಅದು ಬೇಕಾಗುತ್ತದೆ. ಕೊಳ್ಳುವ ಮೊದಲು ಗುಂಡಿಯ ಒಂದಂಚಿನಿಂದ ಬದಿ, ತಳ, ಎದುರು ಬದಿಗಳ ಮೇಲೆ ಹಗ್ಗವನ್ನು ಒತ್ತಿ ಹಾಸಿ ಅಳೆದು ನೋಡಿ. ಲೆಕ್ಕಕ್ಕಿಂತ ಹಗ್ಗ ಹೆಚ್ಚು ನಂಬಿಕೆಗೆ ಯೋಗ್ಯ.

ತಾಡಪತ್ರಿ ಅಥವಾ ಹಳೆಯ ಫ್ಲೆಕ್ಸ್ ಬ್ಯಾನರ್ ಹಾಸಿದರೆ ಆಗುವುದಿಲ್ಲವೇ?

ತೆಳುವಾದ ನೀಲಿ ತಾಡಪತ್ರಿ ನಮ್ಮ ಬಿಸಿಲಿನಲ್ಲಿ ಒಂದೆರಡು ಬೇಸಿಗೆಗೆ ಪುಡಿಯಾಗತೊಡಗುತ್ತದೆ. ಫ್ಲೆಕ್ಸ್ ಬ್ಯಾನರ್ ಮಡಿಕೆ ಬಿದ್ದಲ್ಲಿ ಸೀಳುತ್ತದೆ, ಅದರ ಬಣ್ಣ ಮತ್ತು ಮೃದುಕಾರಕಗಳು ನೀರಿಗೆ ಬಿಡುತ್ತವೆ. ಮೀನು, ಕಪ್ಪೆ ಬದುಕಬೇಕಾದ ನೀರಿಗೆ ಅದನ್ನು ತಾಗಿಸುವುದು ನನಗೆ ಸಮ್ಮತವಲ್ಲ. ಹಾಳೆಯ ಕೆಳಗಿನ ಮೆತ್ತೆಯಾಗಿ ಇವೆರಡನ್ನೂ ಬಳಸಬಹುದು.

ಹಾಳೆಯ ಕೆಳಗೆ ಏನು ಹಾಕಬೇಕು?

ಕಡಿಮೆ ಖರ್ಚಿನ ಕೊಳ ಉಳಿಯುವುದೂ ಹಾಳಾಗುವುದೂ ಇಲ್ಲಿಯೇ. ಹಾಳೆ ಎಷ್ಟೇ ದಪ್ಪವಿರಲಿ, ಕೆಳಗಿನ ಮಣ್ಣು ಸೀಳಿದಾಗ ಅದು ಬಿರುಕಿನೊಳಗೆ ಜೋತುಬಿದ್ದು, ಮೇಲಿನ ನೀರಿನ ಭಾರಕ್ಕೆ ಎಳೆದುಕೊಂಡು, ಕೊನೆಗೆ ಒಂದು ಕಡೆ ಹರಿಯುತ್ತದೆ. ಇದನ್ನು ತಡೆಯಲು ಎರೆ ನೆಲದಲ್ಲಿ ಬೇಕಾದ ಆಳಕ್ಕಿಂತ ಅರ್ಧ ಅಡಿ ಹೆಚ್ಚು ಅಗೆದು, ಆ ಜಾಗದಲ್ಲಿ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಗರಸು ಉಬ್ಬುವುದೂ ಇಲ್ಲ, ಸೀಳುವುದೂ ಇಲ್ಲ. ಎರೆ ಮಣ್ಣಿನ ಚಲನೆಯನ್ನು ಅದು ಹಾಳೆಗೆ ತಲುಪಗೊಡುವುದಿಲ್ಲ. ಬದಿಗಳಲ್ಲಿ ಗರಸು ಜಾರುತ್ತಿದ್ದರೆ ಸ್ವಲ್ಪ ಕೆಮ್ಮಣ್ಣು ಬೆರೆಸಿ ಮೆತ್ತಿ.

ಗರಸಿನ ಮೇಲೆ ಒಂದಂಗುಲ ಸೋಸಿದ ಉಸುಕು, ಅದರ ಮೇಲೆ ಮೆತ್ತೆ. ಮೆತ್ತೆಗಾಗಿ ಹಣ ಕೊಡಬೇಕಾಗಿಲ್ಲ: ಕಟ್ಟಡದ ಕೆಲಸ ನಡೆಯುವಲ್ಲಿ ಸಿಗುವ ಖಾಲಿ ಸಿಮೆಂಟ್ ಚೀಲಗಳನ್ನು ಝಾಡಿಸಿ ಬಿಡಿಸಿ ಎರಡು ಪದರ ಹಾಸಿ. ವಾಡಿ, ಸೇಡಂ, ಮಳಖೇಡ ಸುತ್ತ ಸಿಮೆಂಟ್ ಕಾರ್ಖಾನೆಗಳೇ ಇರುವ ಈ ಭಾಗದಲ್ಲಿ ಇಂಥ ಚೀಲಕ್ಕೆ ಕೊರತೆಯಿಲ್ಲ. ಪ್ಲಾಸ್ಟಿಕ್ ನೂಲಿನ ಆ ಚೀಲ ಬಿಸಿಲಿಗೆ ಬೇಗ ಹಾಳಾದರೂ ಬೆಳಕು ತಾಗದೆ ನೆಲದಡಿಯಲ್ಲಿ ಬಹುಕಾಲ ಇರುತ್ತದೆ. ಗೋಣಿಚೀಲ, ಹಳೆಯ ಕೌದಿ, ಹತ್ತಿಯ ಸೀರೆಗಳನ್ನು ಹಾಸುವವರಿದ್ದಾರೆ. ಅವನ್ನು ಗೆದ್ದಲು ತಿನ್ನುತ್ತದೆ.

ಇದೆಲ್ಲದಕ್ಕೂ ಮೊದಲು ಗುಂಡಿಯ ಪ್ರತಿ ಗೇಣನ್ನೂ ಬರಿಗೈಯಿಂದ ಸವರಿ ನೋಡಿ. ಮೊನಚು ಕಲ್ಲು, ಬೇರಿನ ತುದಿ, ಗಾಜಿನ ಚೂರು, ತೊಗರಿ ಕಟ್ಟಿಗೆಯ ಮೋಟು, ಜಾಲಿ ಮುಳ್ಳು ಯಾವುದೂ ಉಳಿಯಬಾರದು. ಬೀದರ್‌ನ ಜಂಬಿಟ್ಟಿಗೆ ನೆಲದಲ್ಲಿ ಕಲ್ಲಿನ ಮೈಯೇ ಒರಟಾಗಿರುವುದರಿಂದ ಮಣ್ಣು ಮತ್ತು ಉಸುಕು ಕಲಸಿದ ಕೆಸರನ್ನು ಎರಡಂಗುಲ ಬಳಿದು, ಒಣಗಿಸಿ, ಅನಂತರ ಚೀಲ ಹಾಸಬೇಕು. ಹೆಗ್ಗಣದ ಬಿಲ ಕಂಡರೆ ಇಟ್ಟಿಗೆ ಚೂರು, ಗರಸು ಗಟ್ಟಿಯಾಗಿ ತುಂಬಿ ಮುಚ್ಚಿ.

ಹಾಸುವ ಕ್ರಮ ಯಾವುದು?

ಬೆಳಗಿನ ತಂಪು ಹೊತ್ತಿನಲ್ಲಿ ಹಾಸಿ. ಬಿಸಿಲಿಗೆ ಎಚ್‌ಡಿಪಿಇ ಹಿಗ್ಗುತ್ತದೆ. ಮಧ್ಯಾಹ್ನ ಬಿಗಿಯಾಗಿ ಹಾಸಿದ್ದು ರಾತ್ರಿ ಕುಗ್ಗಿ ಬದಿಗಳಿಂದ ಎದ್ದು ನಿಲ್ಲುತ್ತದೆ. ಎಲ್ಲೂ ಬಿಗಿಯಾಗಿ ಎಳೆಯದೆ ಸಡಿಲ ಬಿಡಿ. ನಾಲ್ಕು ಜನ ನಾಲ್ಕು ಮೂಲೆ ಹಿಡಿದು ಇಳಿಸಬೇಕು, ನೆಲದ ಮೇಲೆ ಎಳೆದುಕೊಂಡು ಬರಬಾರದು. ಒಳಗಿಳಿಯುವವರು ಚಪ್ಪಲಿ ಬಿಟ್ಟು ಇಳಿಯಬೇಕು. ಮೂಲೆಗಳಲ್ಲಿ ಸೀರೆಯ ನೆರಿಗೆಯಂತೆ ಒಂದೇ ದೊಡ್ಡ ಮಡಿಕೆ ಬರಲಿ.

ಅನಂತರ ಅರ್ಧ ಅಡಿ ನೀರು ಬಿಟ್ಟು ನಿಲ್ಲಿಸಿ. ನೀರಿನ ಭಾರಕ್ಕೆ ಹಾಳೆ ತಾನಾಗಿ ತಳಕ್ಕೆ ಕೂರುತ್ತದೆ. ಮಡಿಕೆ ಸರಿಮಾಡಿ, ಮತ್ತೆ ಅರ್ಧ ಅಡಿ. ಪೂರ್ತಿ ತುಂಬಿದ ಮೇಲೆಯೇ ಅಂಚನ್ನು ಹೂಳಬೇಕು: ಕೊಳದ ಬಾಯಿಯಿಂದ ಒಂದಡಿ ಆಚೆ ಮುಕ್ಕಾಲು ಅಡಿ ಆಳದ ಕಾಲುವೆ ತೋಡಿ, ಹಾಳೆಯ ತುದಿಯನ್ನು ಅದರೊಳಗೆ ಇಳಿಸಿ, ಮಣ್ಣು ತುಂಬಿ ತುಳಿಯಿರಿ.

ಬಾಯಿಯ ಸುತ್ತ ಶಹಾಬಾದಿ ಫರ್ಸಿಯ ತುಂಡುಗಳನ್ನು ಎರಡಂಗುಲ ನೀರಿನ ಕಡೆಗೆ ಚಾಚಿಕೊಳ್ಳುವಂತೆ ಇಡಿ. ಹಾಳೆ ಮೊದಲು ಹಾಳಾಗುವುದು ನೀರಿಗೂ ನೆಲಕ್ಕೂ ನಡುವೆ ಬಿಸಿಲಿಗೆ ತೆರೆದಿರುವ ಪಟ್ಟಿಯಲ್ಲಿ. ಚಾಚಿದ ಫರ್ಸಿ ಅದಕ್ಕೆ ನೆರಳಾಗುತ್ತದೆ. ಗಣಿ ಮತ್ತು ಕಲ್ಲು ಕೊಯ್ಯುವ ಘಟಕಗಳ ಬಳಿ ಒಡೆದ ತುಂಡುಗಳು ಇಡೀ ಕಲ್ಲಿಗಿಂತ ಬಹಳ ಅಗ್ಗ. ಚೂಪಾದ ಕೆಳ ಅಂಚನ್ನು ಉಜ್ಜಿ, ಕಲ್ಲಿನ ಕೆಳಗೊಂದು ಚೀಲದ ಪದರ ಇಡಿ.

ಸಿಮೆಂಟಿನ ಕೊಳ ಹೆಚ್ಚು ಬಾಳಿಕೆ ಬರುವುದಿಲ್ಲವೇ?

ಬೀದರ್‌ನ ಜಂಬಿಟ್ಟಿಗೆ ನೆಲದಲ್ಲಿ, ಯಾದಗಿರಿಯ ಕಲ್ಲು ನೆಲದಲ್ಲಿ ಬರುತ್ತದೆ. ಆಳವಾದ ಎರೆ ಮಣ್ಣಿನಲ್ಲಿ ಬರುವುದಿಲ್ಲ. ಎರಡಂಗುಲದ ಸಿಮೆಂಟ್ ಪದರ ಎರೆ ಮಣ್ಣಿನ ಒತ್ತಡವನ್ನು ತಡೆಯಲಾರದು. ಗಟ್ಟಿ ನೆಲವಿದ್ದವರು ಕೋಳಿ ಜಾಲರಿಯನ್ನು ಎರಡು ಪದರ ಹಾಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕಿನ ಗಾರೆಯನ್ನು ಒಂದೂವರೆ ಅಂಗುಲ ಮೆತ್ತಿಸಬಹುದು. ಎರಡು ವಾರ ಒದ್ದೆ ಚೀಲ ಹೊದಿಸಿ ನೀರುಣಿಸಬೇಕು. ಹೊಸ ಸಿಮೆಂಟು ಬಿಡುವ ಸುಣ್ಣದಂಶ ಮೀನಿಗೆ ಮಾರಕ. ಎರಡು ಮೂರು ಸಲ ತುಂಬಿ, ಕೆಲವು ದಿನ ಬಿಟ್ಟು, ಖಾಲಿ ಮಾಡಿದ ಮೇಲೆಯೇ ಮೀನು ಬಿಡಿ.

ತೀರ ಸಣ್ಣ ಹಿತ್ತಲಿದ್ದವರಿಗೆ ಇನ್ನೊಂದು ದಾರಿಯಿದೆ: ಬಾವಿಗೆ ಇಳಿಸುವ ಸಿಮೆಂಟ್ ರಿಂಗ್ ಒಂದನ್ನು ಅರ್ಧ ಹೂತು, ತಳಕ್ಕೆ ಕಾಂಕ್ರೀಟ್ ಹಾಕಿದರೆ ಕೊಳ ಸಿದ್ಧ. ಎರೆಯಲ್ಲಿಯೂ ಅದು ಉಳಿಯುತ್ತದೆ, ಏಕೆಂದರೆ ನೆಲ ಅಲುಗಿದಾಗ ರಿಂಗ್ ಇಡಿಯಾಗಿ ಅಲುಗುತ್ತದೆ.

ಹಣ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು?

ಅಗೆತ, ಮೆತ್ತೆ, ಅಂಚಿನ ಕಲ್ಲು, ಗಿಡ, ಇವುಗಳಲ್ಲಿ ಉಳಿಸಿ. ಕಾರಂಜಿ, ಪಂಪು, ಬಣ್ಣದ ದೀಪಗಳನ್ನು ಬಿಟ್ಟುಬಿಡಿ. ಗಿಡ ಮತ್ತು ಮೀನಿನ ಪ್ರಮಾಣ ಸರಿಯಿದ್ದರೆ ಸಣ್ಣ ಕೊಳಕ್ಕೆ ಪಂಪು ಬೇಕಾಗುವುದಿಲ್ಲ. ಹಾಳೆಯ ದಪ್ಪದಲ್ಲಿ, ಗರಸಿನಲ್ಲಿ ಉಳಿಸಬೇಡಿ. ಹಣ ಸಾಲದಿದ್ದರೆ ಕೊಳವನ್ನು ಚಿಕ್ಕದು ಮಾಡಿ; ಹಾಳೆಯನ್ನು ತೆಳ್ಳಗೆ ಮಾಡಬೇಡಿ.

ಇಷ್ಟು ನೀರಿಲ್ಲದ ಊರಿನಲ್ಲಿ ಕೊಳ ತುಂಬುವುದು ಸರಿಯೇ?

ಈ ಪ್ರಶ್ನೆ ಕೇಳುವವರ ಬಗ್ಗೆ ನನಗೆ ಗೌರವವಿದೆ. ನಳದ ಕುಡಿಯುವ ನೀರಿನಿಂದಾಗಲಿ ಟ್ಯಾಂಕರಿನಿಂದಾಗಲಿ ಕೊಳ ತುಂಬಬಾರದು. ಮಾಳಿಗೆಯ ಮಳೆ ನೀರಿಗೆ ತಕ್ಕಷ್ಟೇ ಕೊಳ ಮಾಡಬೇಕು. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರ ಅಡಿ ಎಂದರೆ ಸುಮಾರು 93 ಚದರ ಮೀಟರ್. ಐದರಲ್ಲೊಂದು ಪಾಲು ನಷ್ಟವೆಂದು ಹಿಡಿದರೂ 10 ಮಿಲಿಮೀಟರ್ ಮಳೆಗೆ 740 ಲೀಟರ್ ಇಳಿಯುತ್ತದೆ. ನಮ್ಮ ಕೊಳ ತುಂಬಲು 32 ಮಿಲಿಮೀಟರ್ ಮಳೆ ಸಾಕು. ಮೊದಲ ಮಳೆಯ ಧೂಳು ನೀರನ್ನು ಮಾತ್ರ ಹೊರಗೆ ಬಿಡಿ. ಹೆಚ್ಚಾದ ನೀರು ಮನೆಯಿಂದ ದೂರದ ಕಡೆಗೆ, ಯಾವುದಾದರೂ ಗಿಡದ ಪಾತಿಗೆ ಹರಿಯುವಂತೆ ಒಂದು ಕೊಳವೆ ಇಡಿ.

ಬೇಸಿಗೆಯ ಲೆಕ್ಕವೇ ಕಠಿಣ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಮತ್ತು ಒಣಗಾಳಿಗೆ ದಿನಕ್ಕೆ ಸುಮಾರು ಒಂದು ಸೆಂಟಿಮೀಟರ್ ನೀರು ಆವಿಯಾಗುತ್ತದೆ. 70 ಚದರ ಅಡಿಯ ಕೊಳಕ್ಕೆ ಅದು ದಿನಕ್ಕೆ 65 ಲೀಟರ್, ಅಂದರೆ ನಾಲ್ಕೈದು ಕೊಡ. ಅಡುಗೆಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರನ್ನು ಇದಕ್ಕೆ ಹಾಕಬೇಡಿ, ಕೊಳ ಹಸಿರುಗಟ್ಟುತ್ತದೆ. ಬಿದಿರಿನ ಚೌಕಟ್ಟಿಗೆ ಹಸಿರು ನೆರಳುಬಲೆ ಕಟ್ಟಿ, ಅರ್ಧ ಮೇಲ್ಮೈ ನೈದಿಲೆಯ ಎಲೆಯಿಂದ ಮುಚ್ಚುವಂತೆ ಮಾಡಿದರೆ ನಷ್ಟ ಗಣನೀಯವಾಗಿ ತಗ್ಗುತ್ತದೆ. ಅದೂ ಸಾಧ್ಯವಿಲ್ಲದ ವರ್ಷದಲ್ಲಿ ನೀರು ಒಂದಡಿಗೆ ಇಳಿಯಲು ಬಿಟ್ಟು, ತೆರೆದ ಹಾಳೆಯ ಮೇಲೆ ಒದ್ದೆ ಗೋಣಿ ಹೊದಿಸಿ ಮಳೆಗಾಲ ಕಾಯುವುದೇ ವಿವೇಕ.

ಸೊಳ್ಳೆ ಆಗುವುದಿಲ್ಲವೇ?

ಮೀನಿಲ್ಲದ ಕೊಳದಲ್ಲಿ ಖಂಡಿತ ಆಗುತ್ತದೆ. ಡೆಂಗಿ ಹರಡುವ ಸೊಳ್ಳೆ ನಿಂತ ಶುದ್ಧ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ನೀರು ತುಂಬಿದ ವಾರದೊಳಗೆ ಗಪ್ಪಿ ಮೀನು ಬಿಡಬೇಕು. ಮಳೆ ನೀರಾದರೆ ಎರಡು ದಿನ ಬಿಟ್ಟು ಹಾಕಬಹುದು. ಆರೋಗ್ಯ ಇಲಾಖೆ ಸೊಳ್ಳೆಮರಿ ತಿನ್ನಲು ಗಪ್ಪಿ ಮತ್ತು ಗಂಬೂಸಿಯಾ ಮೀನುಗಳನ್ನು ಬಳಸುತ್ತದೆ. ಗಂಬೂಸಿಯಾ ಕಪ್ಪೆಮರಿಗಳನ್ನೂ ಬೇರೆ ಮೀನಿನ ಮರಿಗಳನ್ನೂ ಬಿಡುವುದಿಲ್ಲವಾದ್ದರಿಂದ ಮನೆಗೆ ಗಪ್ಪಿಯೇ ಸಾಕು. ಎರಡನ್ನೂ ಹಳ್ಳ, ಕೆರೆಗೆ ಬಿಡಬಾರದು. ಕೊಳಕ್ಕೆ ಸೀಮೆಎಣ್ಣೆ ಸುರಿಯಬೇಡಿ.

ಯಾವ ಗಿಡ, ಯಾವ ಮೀನು?

ನೈದಿಲೆ, ಬಜೆ, ಅಂಚಿನ ಒದ್ದೆಯಲ್ಲಿ ಒಂದೆಲಗ. ತಾವರೆ ಬೇಕೆನಿಸಿದರೆ ಬಕೀಟು ಅಥವಾ ಮಣ್ಣಿನ ಕುಂಡದಲ್ಲಿ ನೆಟ್ಟು ಮುಳುಗಿಸಿಡಿ. ಅದರ ಗೆಡ್ಡೆಯ ತುದಿ ಮೊನಚಾಗಿದ್ದು ಹಾಳೆಯನ್ನು ತೂತು ಮಾಡಬಲ್ಲದು. ಕೆರೆಯಂಚಿನ ಆಪು ಇನ್ನೂ ಅಪಾಯ, ತರಲೇಬೇಡಿ. ಅಂತರಗಂಗೆಯನ್ನಂತೂ ಯಾರು ಕೊಟ್ಟರೂ ಬೇಡವೆನ್ನಿ.

ಕಾಟ್ಲಾ, ರೋಹುಗಳಿಗೆ ಇಷ್ಟು ಕೊಳ ಸಾಲದು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಮೇ ತಿಂಗಳ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಎರಡು ಕೊಡ ನೀರನ್ನು ಎತ್ತರದಿಂದ ಸುರಿಯಿರಿ, ಮೀನಿನ ಸಂಖ್ಯೆ ಕಡಿಮೆ ಮಾಡಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಹಾವು ಬರುವ ಭಯವೂ ಇದೆ.

ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ತೆರೆದ ಕೊಳ ಬೇಡ. ಅರ್ಧ ಅಡಿ ನೀರಿನಲ್ಲಿಯೂ ಮಗು ಮುಳುಗುತ್ತದೆ, ಅದೂ ಸದ್ದಿಲ್ಲದೆ. ಮಾಡಲೇಬೇಕಾದರೆ ಬಾಯಿಯ ಮೇಲೆ ಕಬ್ಬಿಣದ ಜಾಲರಿ ಬೆಸೆಸಿ ಬೀಗ ಹಾಕಿ, ಸುತ್ತ ಬೇಲಿ ಕಟ್ಟಿ. ಎಚ್‌ಡಿಪಿಇ ಹಾಳೆ ಒದ್ದೆಯಾದಾಗ ಬಹಳ ಜಾರುತ್ತದೆ, ಬಿದ್ದವರು ದೊಡ್ಡವರಾದರೂ ಹತ್ತಿ ಬರುವುದು ಕಷ್ಟ. ಗಂಟು ಹಾಕಿದ ಹಗ್ಗವೊಂದನ್ನು ಗೂಟಕ್ಕೆ ಕಟ್ಟಿ ಸದಾ ಒಳಗೆ ಇಳಿಬಿಟ್ಟಿರಿ. ಅಳಿಲು, ಓತಿಕ್ಯಾತ, ಗುಬ್ಬಿಗಳಿಗಾಗಿ ಒಂದು ಒರಟು ಹಲಗೆಯನ್ನು ಓರೆಯಾಗಿ ಇಟ್ಟಿದ್ದರೆ ಅವೂ ಬದುಕುತ್ತವೆ.

ಕಪ್ಪೆ ಬಂದಲ್ಲಿ ಹಾವು ಬರಬಹುದು. ಹೆಚ್ಚಾಗಿ ಬರುವ ನೀರುಹಾವು ವಿಷದ್ದಲ್ಲ. ಆದರೂ ಅಂಚಿನಲ್ಲಿ ಕಲ್ಲುರಾಶಿ, ಕಟ್ಟಿಗೆ ರಾಶಿ ಇಡಬೇಡಿ, ಹುಲ್ಲು ಕತ್ತರಿಸಿರಿ, ರಾತ್ರಿ ಬ್ಯಾಟರಿಯಿಲ್ಲದೆ ಹೋಗಬೇಡಿ.

ನೀರು ಇಳಿಯುತ್ತಿದೆ. ಸೋರುತ್ತಿದೆಯೋ, ಆವಿಯಾಗುತ್ತಿದೆಯೋ ತಿಳಿಯುವುದು ಹೇಗೆ?

ಇಟ್ಟಿಗೆಯ ಮೇಲೆ ಬಕೀಟೊಂದನ್ನು ಕೊಳದೊಳಗೆ ನಿಲ್ಲಿಸಿ, ಬಕೀಟಿನ ಒಳಗೂ ಹೊರಗೂ ನೀರು ಒಂದೇ ಮಟ್ಟದಲ್ಲಿರುವಂತೆ ತುಂಬಿ ಗುರುತು ಹಾಕಿ. ಇಟ್ಟಿಗೆಯ ಕೆಳಗೆ ಮಡಿಚಿದ ಚೀಲವಿರಲಿ. ಮೂರು ದಿನದ ನಂತರ ಎರಡೂ ಸಮನಾಗಿ ಇಳಿದಿದ್ದರೆ ಅದು ಬಿಸಿಲಿನ ಪಾಲು; ಕೊಳದ್ದು ಹೆಚ್ಚು ಇಳಿದಿದ್ದರೆ ಸೋರಿಕೆ. ಸೋರುವ ಕೊಳದಲ್ಲಿ ನೀರು ಯಾವ ಮಟ್ಟಕ್ಕೆ ಬಂದು ನಿಲ್ಲುತ್ತದೆಯೋ ತೂತು ಆ ಮಟ್ಟದಲ್ಲಿಯೇ ಇರುತ್ತದೆ, ಇಡೀ ಕೊಳ ಖಾಲಿ ಮಾಡುವ ಅಗತ್ಯವಿಲ್ಲ. ಆ ಜಾಗವನ್ನು ತೊಳೆದು, ಒಣಗಿಸಿ, ಉಪ್ಪುಕಾಗದದಿಂದ ಉಜ್ಜಿ, ಬ್ಯುಟೈಲ್ ರಬ್ಬರಿನ ಅಂಟುಪಟ್ಟಿಯನ್ನು ತೂತಿಗಿಂತ ನಾಲ್ಕಂಗುಲ ದೊಡ್ಡದಾಗಿ ಒತ್ತಿ ಹಚ್ಚಿ. ಉದ್ದಕ್ಕೆ ಸೀಳಿದ್ದರೆ ಹೊಂಡದ ಹಾಳೆ ಬೆಸೆಯುವವರನ್ನು ಕರೆಸಬೇಕು.

ಸೆಪ್ಟೆಂಬರ್‌ನ ಜೋರು ಮಳೆಯಲ್ಲಿ ಕೆಲವೊಮ್ಮೆ ಹಾಳೆ ತಳದಿಂದ ಉಬ್ಬಿ ಮೇಲೆ ಬರುತ್ತದೆ. ಸುತ್ತಲಿನ ನೆಲದಲ್ಲಿ ತುಂಬಿದ ನೀರು ಹಾಳೆಯ ಕೆಳಗೆ ಸೇರಿರುವುದರಿಂದ ಹೀಗಾಗುತ್ತದೆ. ಆಗ ಹಾಳೆಯನ್ನು ಚುಚ್ಚಬೇಡಿ, ಕೊಳವನ್ನು ಖಾಲಿ ಮಾಡಲೂ ಬೇಡಿ. ಒಳಗಿನ ನೀರನ್ನು ಅಂಚಿನವರೆಗೆ ತುಂಬಿಸಿ, ಹೊರಗಿನ ಮಳೆನೀರು ಕೊಳದ ಕಡೆಗೆ ಬರದಂತೆ ಅಗೆದ ಮಣ್ಣಿನಿಂದಲೇ ಒಂದಡಿ ಬದು ಹಾಕಿದರೆ ಕೆಲವು ದಿನಗಳಲ್ಲಿ ಅದು ಮತ್ತೆ ಕುಳಿತುಕೊಳ್ಳುತ್ತದೆ.